ಒಂದು ಚಿಟಿಕೆ ನೀಲಿ

ನಡುಕೋಣೆಗೆ ಕಡುನೀಲಿ ಬಣ್ಣ ಹೊಡೆಸುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. "ಆಕಾಶನೀಲಿ ತಾನೇ? ಹೊಡೆಸು, ತಂಪಾಗಿರುತ್ತೆ" ಎಂದರು. "ಆಕಾಶನೀಲಿಯೇ. ಆದರೆ ರಾತ್ರಿ ಹನ್ನೊಂದು ಗಂಟೆಯ ಆಕಾಶ" ಎಂದೆ. ಆಗ ಪೇಪರು ಕೆಳಗಿಳಿಯಿತು.

ಆಮೇಲೆ ಒಂದು ವಾರ ಬುದ್ಧಿವಾದದ ಮಳೆ. ಪಕ್ಕದ ಮನೆಯಾಕೆ, "ಅದು ಶನಿಮಹಾತ್ಮನ ಬಣ್ಣ ಕಣ್ರೀ. ನೀಲದ ಉಂಗುರವನ್ನೇ ಮೂರು ರಾತ್ರಿ ದಿಂಬಿನ ಕೆಳಗಿಟ್ಟು ನೋಡಿ ಹಾಕಿಕೊಳ್ತಾರೆ. ನೀವು ಕೋಣೆಯನ್ನೇ ಹಾಕಿಕೊಳ್ತೀನಿ ಅಂತೀರಲ್ಲ!" ಎಂದರು. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ನಾಳೆ ಬಾಡಿಗೆಗೆ ಕೊಡೋದಾದರೆ ಕಷ್ಟ ಅಮ್ಮಾ" ಎಂದ. ಬಣ್ಣದ ಮೇಸ್ತ್ರಿಯಂತೂ ಕೋಣೆಯ ನಡುವೆ ನಿಂತು, ತಲೆ ಕೆರೆದುಕೊಂಡು, "ಬಿಳಿ ಹೊಡೆದರೆ ರೂಮು ದೊಡ್ಡದಾಗಿ ಕಾಣುತ್ತಮ್ಮ. ಇದು ಸಿನಿಮಾ ಟಾಕೀಸು ಆಗುತ್ತೆ" ಎಂದ. ಏನೂ ಹೇಳದೆ ಇದ್ದವರು ನಮ್ಮ ಅತ್ತೆ ಒಬ್ಬರೇ. ಅವರಿಗೀಗ ಎಂಬತ್ತೈದು. ಅವರ ಮೌನಕ್ಕೆ ಒಪ್ಪಿಗೆ ಎಂದು ಅರ್ಥವಲ್ಲ ಎಂಬುದು ಮೂವತ್ತೆಂಟು ವರ್ಷ ಸೊಸೆಯಾಗಿದ್ದವಳಿಗೆ ಗೊತ್ತಿರುತ್ತದೆ.

ನನಗೇಕೆ ಈ ಹುಚ್ಚು ಎಂದು ನೀವೂ ಕೇಳಬಹುದು. ಹತ್ತಕ್ಕೆ ಹನ್ನೆರಡು ಅಡಿಯ ಆ ಕೋಣೆ ಈ ಮನೆಯಲ್ಲಿ ಎಲ್ಲರದೂ ಆಗಿತ್ತು. ನಾನು ಮದುವೆಯಾಗಿ ಬಂದಾಗ ಮೈದುನನ ಓದುವ ಕೋಣೆ. ಆಮೇಲೆ ನಾದಿನಿಯ ಬಾಣಂತಿ ಕೋಣೆ. ಅನಂತರ ಮಕ್ಕಳ ಪರೀಕ್ಷೆಗಳ ಕೋಣೆ. ಕೊನೆಗೆ ಮೂರು ವರ್ಷ ಮಾವನವರು ಮಲಗಿದಲ್ಲೇ ಆಗಿದ್ದ ಕೋಣೆ. ಅವರು ಹೋದ ಮೇಲೆ ಇಸ್ತ್ರಿ ಬಟ್ಟೆ, ಹಳೆಯ ಹಾಸಿಗೆ, ಗೌರಿ ಹಬ್ಬದ ಪಾತ್ರೆಗಳ ಕೋಣೆ. ಬಾಗಿಲು ಹಾಕಿಕೊಂಡು ಒಂದು ಪುಸ್ತಕ ಓದಲು, ಬರೆಯಲು, ಸುಮ್ಮನೆ ಗೋಡೆ ನೋಡುತ್ತ ಕೂರಲು ನನಗೆಂದು ಒಂದು ಕೋಣೆ ಇದ್ದದ್ದೇ ಇಲ್ಲ. ಅರವತ್ತು ದಾಟಿದ ಮೇಲಾದರೂ ಒಂದು ಗೋಡೆಯ ಬಣ್ಣ ನನ್ನ ಇಷ್ಟದಂತೆ ಇರಲಿ ಅನ್ನಿಸಿತು. ಅಷ್ಟೆ.

ಕೋಣೆ ಖಾಲಿ ಮಾಡುವಾಗ ಅಟ್ಟದ ಮೇಲಿನ ತಗಡಿನ ಟ್ರಂಕು ಕೆಳಗಿಳಿಯಿತು. ಅದರಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಮಡಿಕೆಯಲ್ಲಿ ಸೀಳಿದ ಒಂದು ದೊಡ್ಡ ಕಾಗದ. ಬಿಚ್ಚಿದರೆ ಗಾಢ ನೀಲಿ ನೆಲದ ಮೇಲೆ ಬಿಳಿ ಗೆರೆಗಳು: ಹಜಾರ, ಅಡಿಗೆಮನೆ, ನಡುಕೋಣೆ. ನಮ್ಮ ಮನೆಯ ಪ್ಲಾನು!

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು ಬಂದು ನೆರವೇರಿಸಿದ ಆ ಸಮಾರಂಭದ ಗುರುತಾಗಿ ಅಶೋಕ ಪಿಲ್ಲರ್ ಇಂದಿಗೂ ನಿಂತಿದೆ. ಆಗ ಇದೆಲ್ಲ ಊರಾಚೆ. ನಮ್ಮ ಮಾವನವರು ಗುಳೇದಗುಡ್ಡದ ಕಡೆಯವರು. 1956ರ ನವೆಂಬರ್ 1ರಂದು ರಾಜ್ಯ ಒಂದಾದ ಮೇಲೆ ಮುಂಬಯಿ ಪ್ರಾಂತದ ನೌಕರಿಯಿಂದ ಇಲ್ಲಿಯ ಸರ್ಕಾರಿ ಕಚೇರಿಗೆ ವರ್ಗವಾಗಿ ಬಂದವರು. ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಸೈಟು ಸಿಕ್ಕಿ, 1968ರಲ್ಲಿ ಮನೆ ಕಟ್ಟಿದರು. ಆ ಬೋರ್ಡು 1976ರಲ್ಲಿ ಬಿ.ಡಿ.ಎ. ಆಯಿತು. ಆ ಕಾಲದ ಮನೆಗಳೆಲ್ಲ ಮೊದಲು ಹುಟ್ಟಿದ್ದು ಹೀಗೆ ನೀಲಿ ಕಾಗದದ ಮೇಲೆ.

ಈ ನೀಲಿಗೆ ಪ್ರಷ್ಯನ್ ನೀಲಿ ಎಂದು ಹೆಸರು. ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ಒಬ್ಬ ಬಣ್ಣಗಾರ ಕೆಂಪು ಮಾಡಲು ಹೊರಟು, ಕಲಬೆರಕೆ ಕ್ಷಾರದ ದೆಸೆಯಿಂದ ನೀಲಿ ಮಾಡಿಬಿಟ್ಟ. ಒಗ್ಗರಣೆಗೆ ಸಾಸಿವೆ ಎಂದು ರಾಗಿ ಹಾಕಿದವರಿಗೆ ಈ ಕಷ್ಟ ಅರ್ಥವಾಗುತ್ತದೆ. ಅವನಿಗೆ ಅದರಿಂದ ಲಾಭವೇ ಆಯಿತು. 1842ರಲ್ಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಕಬ್ಬಿಣದ ಲವಣ ಸವರಿದ ಕಾಗದವನ್ನು ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದಲ್ಲೆಲ್ಲ ಇದೇ ನೀಲಿ ಕೂರುವುದನ್ನು ಕಂಡುಹಿಡಿದ. ಮರುವರ್ಷವೇ ಆನ್ನಾ ಆಟ್ಕಿನ್ಸ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು ಸಮುದ್ರದ ಪಾಚಿಗಳನ್ನು ಆ ಕಾಗದದ ಮೇಲಿಟ್ಟು, ಒಂದೊಂದರ ಬಿಳಿ ನೆರಳನ್ನು ನೀಲಿಯಲ್ಲಿ ಹಿಡಿದು ಪುಸ್ತಕ ಮಾಡತೊಡಗಿದಳು. ಛಾಯಾಚಿತ್ರಗಳಿರುವ ಮೊದಲ ಪುಸ್ತಕ ಎಂದು ಅದಕ್ಕೆ ಹೆಸರು. ಎಂಜಿನಿಯರುಗಳ ಮನೆ ಪ್ಲಾನು ಬಂದದ್ದು ಆಮೇಲೆ.

ನೀಲಿ ಕಾಗದವನ್ನು ಅತ್ತೆಗೆ ತೋರಿಸಿದೆ. ಬೆರಳಿನಿಂದ ನಡುಕೋಣೆಯ ಗೆರೆಗಳನ್ನು ಸವರಿ ಸುಮ್ಮನಾದರು.

ಮರುದಿನ ಹುಡುಗರು ಗೋಡೆ ಕೆರೆಯಲು ಶುರುಮಾಡಿದರು. ಗೋಡೆ ಕೆರೆಯುವುದೆಂದರೆ ಮನೆಯ ಹಳೆಯ ಆಲ್ಬಮ್ಮನ್ನು ಹಿಂದಿನಿಂದ ಮುಂದಕ್ಕೆ ನೋಡಿದ ಹಾಗೆ. ಮೊದಲು ಮಗನ ಮದುವೆಗೆ ಹೊಡೆಸಿದ ಕೆನೆಬಣ್ಣ. ಅದರ ಕೆಳಗೆ ಮಕ್ಕಳ ಕಾಲದ ತೆಳುಹಸಿರು ಡಿಸ್ಟೆಂಪರ್. ಅದರಡಿ ನಾನು ಮದುವೆಯಾಗಿ ಬಂದ ವರ್ಷದ ಗುಲಾಬಿ. ಎಲ್ಲಕ್ಕಿಂತ ಕೆಳಗೆ ಸುಣ್ಣ. ಆ ಸುಣ್ಣ ಮಾತ್ರ ಬಿಳಿಯಾಗಿರಲಿಲ್ಲ, ತಿಳಿನೀಲಿಯಾಗಿತ್ತು. ಬಾಗಿಲ ಮೂಲೆಯಲ್ಲಂತೂ ಸಾಕಷ್ಟು ನೀಲಿ.

ಅತ್ತೆ ಗೋಡೆ ಹಿಡಿದುಕೊಂಡು ಬಂದು ನಿಂತರು. "ಇದು ನಾನು ಕಲಸಿದ್ದು" ಎಂದರು. "ಅರವತ್ತೆಂಟರಾಗ, ಗೃಹಪ್ರವೇಶದ ಹಿಂದಿನ ವಾರ. ನೀಲಿ ಒಂದು ಚಿಟಿಕಿ ಹೆಚ್ಚಾತು. ನಿಮ್ಮ ಮಾವನವರಿಗೆ ಸಿಟ್ಟು ಬಂತು. ಇನ್ನೊಂದು ಕೈ ಬರೀ ಸುಣ್ಣ ಬಳಿ ಅಂದ್ರು. ಈ ಮೂಲಿ ನಾ ಹಂಗ ಬಿಟ್ಟಿದ್ದೆ."

ಈಗಿನ ಹುಡುಗಿಯರಿಗೆ ಈ ಕೆಲಸ ಗೊತ್ತಿರಲಿಕ್ಕಿಲ್ಲ. ಸುಣ್ಣದ ಕಲ್ಲನ್ನು ಡ್ರಮ್ಮಿನಲ್ಲಿ ಹಾಕಿ ನೀರು ಸುರಿದರೆ ಅದು ಕೊತಕೊತ ಕುದಿಯುತ್ತದೆ. ತಣಿದ ಮೇಲೆ ಹಳೆಯ ಪಂಚೆಯಲ್ಲಿ ಸೋಸಿ, ಅಂಟು ಕಲಸಿ, ಕೊನೆಗೆ ಒಂದು ಚಿಟಿಕೆ ನೀಲಿ. ಬಟ್ಟೆಗೂ ಅಷ್ಟೆ. ಕೊನೆಯ ಜಾಲಿಸುವ ನೀರಿಗೆ ನೀಲಿಯ ಗಂಟನ್ನು ಒಮ್ಮೆ ಅದ್ದಿ ಅಲುಗಿಸಿ ತೆಗೆಯಬೇಕು. ಕೈ ತಡೆದರೆ ಯಜಮಾನರ ಪಂಚೆಯ ಮೇಲೆ ಮೋಡ ಕವಿಯುತ್ತದೆ. ನೀಲಿ ಬಿಳಿಯನ್ನು ಹೇಗೆ ಹೆಚ್ಚಿಸುತ್ತದೆ? ಹಳತಾದ ಬಟ್ಟೆ, ಸುಣ್ಣ ಎರಡೂ ಹಳದಿಗೆ ತಿರುಗುತ್ತವೆ. ನೀಲಿ ಆ ಹಳದಿಯನ್ನು ನುಂಗುತ್ತದೆ. ಕಣ್ಣಿಗೆ ಬಿಳಿಯೇ ಹೆಚ್ಚಿದಂತೆ ಕಾಣುತ್ತದೆ. 1983ರಲ್ಲಿ ಕೇರಳದಲ್ಲಿ ಶುರುವಾದ ಉಜಾಲ ಬಾಟಲಿ ಪುಡಿಯ ಜಾಗಕ್ಕೆ ಹನಿ ತಂದಿತು. ಕೆಲಸ ಮಾತ್ರ ಅದೇ.

ಈ ಚಿಟಿಕೆ ಪುಡಿಯ ವಂಶಾವಳಿ ದೊಡ್ಡದು. ಆಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳಿಂದ ಅಗೆಯುತ್ತಿರುವ ಲಾಪಿಸ್ ಲಾಜುಲಿ ಎಂಬ ನೀಲಿಕಲ್ಲಿದೆ. ಅಜಂತಾ ಗುಹೆಗಳ ಚಿತ್ರಗಳಲ್ಲಿರುವ ನೀಲಿ ಆ ಕಲ್ಲಿನದೇ. ಯುರೋಪಿಗೆ ಅದು ಕಡಲು ದಾಟಿ ಹೋಗುತ್ತಿದ್ದುದರಿಂದ ಅಲ್ಲಿ ಅದರ ಬಣ್ಣಕ್ಕೆ ಅಲ್ಟ್ರಾಮರೀನ್, ಅಂದರೆ ಕಡಲಾಚೆಯದು, ಎಂದು ಹೆಸರಾಯಿತು. ಚಿತ್ರಕಾರರು ಅದನ್ನು ಮೇರಿಮಾತೆಯ ಮೇಲುಹೊದಿಕೆಗೆಂದು ಜೋಪಾನ ಮಾಡುತ್ತಿದ್ದರು. ಬೆಲೆ ಬಂಗಾರದ ಜೊತೆಗೆ ಪೈಪೋಟಿ ಮಾಡುತ್ತಿತ್ತು. 1824ರಲ್ಲಿ ಫ್ರಾನ್ಸಿನ ಒಂದು ಉದ್ಯಮ ಪ್ರೋತ್ಸಾಹಕ ಸಂಸ್ಥೆ, ಈ ಬಣ್ಣವನ್ನು ಅಗ್ಗವಾಗಿ ತಯಾರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಎಂದು ಸಾರಿತು. 1828ರಲ್ಲಿ ಗಿಮೆ ಎಂಬಾತ ಗೆದ್ದ. ಬೇಕಾದ ಸಾಮಾನು ನೋಡಿ: ಬಿಳಿ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು. ಒಲೆಯಲ್ಲಿ ಹದವಾಗಿ ಸುಟ್ಟರೆ ಮಾತೆಯ ಹೊದಿಕೆಯ ಬಣ್ಣ! ಕೆಲವು ದಶಕಗಳಲ್ಲಿ ಅದು ಒಗೆಯುವ ಕಲ್ಲಿನ ಬಳಿಗೆ ಬಂತು. ಪ್ರಷ್ಯನ್ ನೀಲಿ ಸುಣ್ಣದಲ್ಲಿ ಕೆಟ್ಟು ಕಂದಾಗುತ್ತದೆ, ಇದು ಕೆಡುವುದಿಲ್ಲ. ಆದ್ದರಿಂದಲೇ ನಮ್ಮ ಗೋಡೆಯ ಮೂಲೆಯಲ್ಲಿ ಐವತ್ತೇಳು ವರ್ಷವಾದರೂ ಹಾಗೇ ಇತ್ತು.

ದೇವಿಯ ಹೊದಿಕೆಗೆ ಮೀಸಲಾದ ಬಣ್ಣ ನಮ್ಮ ಮನೆಗಳಿಗೆ ಬಂದಾಗ ಅದಕ್ಕೆ ಸಿಕ್ಕಿದ ಕೆಲಸ ಇನ್ನೊಂದನ್ನು ಬೆಳ್ಳಗೆ ಮಾಡುವುದು. ತಾನು ಕಾಣಬಾರದು. ಕಂಡರೆ ತಪ್ಪು, ಕಲಸಿದವಳಿಗೆ ಬೈಗುಳ. ಈ ಮಾತು ಹೊಳೆದಾಗ ನಾನು ಅತ್ತೆಯ ಮುಖ ನೋಡಿದೆ. ಅವರು ಟ್ರಂಕಿನ ಕಡೆ ನೋಡುತ್ತಿದ್ದರು. "ಅದರ ತಳಕ್ಕ ಒಂದು ಕೌದಿ ಐತಿ, ತೆಗಿ" ಎಂದರು.

ಕೌದಿ ಗೊತ್ತಲ್ಲ? ಹಳೆಯ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಹೊದಿಕೆ. ಆ ಕೌದಿಯಲ್ಲಿ ಕೆಂಪು, ಹಸಿರು, ಹೂವಿನ ಚೀಟಿ ಬಟ್ಟೆ ಎಲ್ಲ ಇದ್ದವು. ನಡುವೆ ಒಂದು ಮೊಳ ಅಗಲದ ಕಡುನೀಲಿ ತುಂಡು. ಕತ್ತಲೆಯಲ್ಲಿ ಕಪ್ಪು, ಕಿಟಕಿಯ ಬಳಿ ಹಿಡಿದರೆ ನೀಲಿ. ಅದು ಅವರ ತಾಯಿ ಮದುವೆಯಲ್ಲಿ ಕೊಟ್ಟ ಇಳಕಲ್ ಸೀರೆಯಂತೆ. ನೂಲಿನ ಒಡಲು, ಕೆಂಪು ಸೆರಗು, ತೋಪು ತೆನೆ.

"ಅದನ್ನು ಯಾಕೆ ಹರಿದಿರಿ ಅತ್ತೆ?"

ಆಗ ಹೇಳಿದರು. 1968ರಲ್ಲಿ ಈ ಬೀದಿಗೆ ಬಂದ ಹೊಸತು. ಎದುರು ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಇದ್ದುದರಲ್ಲಿ ಒಳ್ಳೆಯ ಸೀರೆ ಎಂದು ಅದನ್ನೇ ಉಟ್ಟುಕೊಂಡು ಹೋದರು. ಊರಿನಲ್ಲಿ ಅದು ಯಾರೂ ತಿರುಗಿ ನೋಡದ ಬಣ್ಣ. ಇಲ್ಲಿ ಯಾರೋ ಇನ್ನೊಬ್ಬರ ಕಿವಿಯಲ್ಲಿ, ಆದರೆ ಕೇಳಿಸುವಂತೆ, "ಶುಭಕಾರ್ಯಕ್ಕೆ ಕಪ್ಪು ಸೀರೆ ಉಟ್ಟು ಬಂದಿದ್ದಾರಲ್ಲ" ಎಂದರು. ಇನ್ನೊಬ್ಬರು, "ಆ ಕಡೆಯವರು, ಗೊತ್ತಾಗಲ್ಲ ಪಾಪ" ಎಂದರು. "ಕಪ್ಪಲ್ಲ, ನೀಲಿ ಅನ್ನಬೇಕಂತ ಬಾಯಿಗೆ ಬಂತು. ಅವರ ಕನ್ನಡದ ಮುಂದ ನನ್ನ ಕನ್ನಡ ಬರಲಿಲ್ಲ" ಎಂದರು ಅತ್ತೆ. ಆಮೇಲೆ ಆ ಸೀರೆ ಉಡಲಿಲ್ಲ. ಹತ್ತು ವರ್ಷ ಮಡಿಕೆಯಲ್ಲಿಟ್ಟು, ಮಡಿಕೆ ಹರಿದ ಮೇಲೆ ಕೌದಿಗೆ ಹಾಕಿದರು.

ನಾನು ಮೂವತ್ತೆಂಟು ವರ್ಷ ಅವರ ಜೊತೆಯಲ್ಲಿದ್ದೇನೆ. ಅವರು ಹಬ್ಬಕ್ಕೆ ತಿಳಿಬಣ್ಣಗಳನ್ನೇ ಆರಿಸುವುದನ್ನು ನೋಡಿ, ಇವರಿಗೆ ಗಾಢ ಬಣ್ಣ ಹಿಡಿಸುವುದಿಲ್ಲ ಎಂದುಕೊಂಡಿದ್ದೆ. ಒಂದು ಸಲವೂ ಕೇಳಿರಲಿಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿಯವರಿಗಾಗಿ ಕಂಚಿಯ ಮುತ್ತು ಚೆಟ್ಟಿಯಾರರು ನೇಯ್ದ ನೀಲಿ 'ಎಂ.ಎಸ್. ಬ್ಲೂ' ಎಂದೇ ಹೆಸರಾಗಿ, ಅದನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದವರು ನಾವು. ಒಬ್ಬರು ಉಟ್ಟರೆ ಕೀರ್ತಿ, ಇನ್ನೊಬ್ಬರು ಉಟ್ಟರೆ ಪಿಸುಮಾತು.

ಆ ತುಂಡನ್ನು ಕೈಯಲ್ಲಿ ಹಿಡಿದಾಗ ಇನ್ನೊಂದು ನೀಲಿ ನೆನಪಾಯಿತು. ಇಳಕಲ್ಲಿನ ನೀಲಿ ಒಂದು ಕಾಲಕ್ಕೆ ಗಿಡದಿಂದ ಬರುತ್ತಿತ್ತು. ನೀಲಿಗಿಡದ ಎಲೆಯಲ್ಲಿ ನೀಲಿ ಕಾಣುವುದೇ ಇಲ್ಲ. ಎಲೆಯನ್ನು ತೊಟ್ಟಿಯಲ್ಲಿ ನೆನೆಸಿ ಹುಳಿಬರಿಸಿದರೆ ಹಳದಿ ಹಸಿರಿನ ನೀರು. ಆಳುಗಳು ಸೊಂಟದ ಮಟ್ಟ ಇಳಿದು ಅದನ್ನು ಹುಟ್ಟಿನಂಥ ಕೋಲಿನಿಂದ ಬಡಿಯುತ್ತಿದ್ದರು. ಗಾಳಿ ಸೇರಿದಂತೆ ನೀರು ನೀಲಿಯಾಗಿ, ಬಣ್ಣ ತಳದಲ್ಲಿ ಕೂರುತ್ತಿತ್ತು. ಗ್ರೀಕರು ಇದನ್ನು ಇಂಡಿಯಾದ್ದು ಎಂದೇ ಕರೆದರು. ಇಂಡಿಗೋ ಅಂದರೆ ಅಷ್ಟೆ. ನಮ್ಮ 'ನೀಲಿ' ಅರಬ್ಬರ ಬಾಯಲ್ಲಿ, ಪೋರ್ಚುಗೀಸರ ಬಾಯಲ್ಲಿ ತಿರುಗಿ, ರಾಸಾಯನಿಕ ಬಣ್ಣಗಳ ತಾಯಿಯಾದ ಆನಿಲಿನ್ ಎಂಬ ಹೆಸರಾಯಿತು.

ಆದರೆ ಆ ಬಣ್ಣ ಬೆಳೆದವರ ಮೈಗೆ ದಕ್ಕಲಿಲ್ಲ. ಬಂಗಾಳದಲ್ಲಿ ಬಿಳಿಯ ತೋಟಗಾರರು ಮುಂಗಡ ಕೊಟ್ಟು, ಸಾಲದಲ್ಲಿ ಕಟ್ಟಿಹಾಕಿ, ಭತ್ತದ ನೆಲದಲ್ಲಿ ನೀಲಿ ಬೆಳೆಸಿದರು. 1859ರಲ್ಲಿ ರೈತರು ಬಿತ್ತುವುದಿಲ್ಲ ಎಂದು ಎದ್ದರು. ಮರುವರ್ಷ ದೀನಬಂಧು ಮಿತ್ರ ಆ ಸಂಕಟವನ್ನು 'ನೀಲದರ್ಪಣ' ನಾಟಕವಾಗಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಹೊರತಂದ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಒಂದು ತಿಂಗಳು ಜೈಲಿಗೆ ಹೋದರು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದು ಗಿಡದ ನೀಲಿಯ ಬೆಲೆ ಬಿತ್ತು. ಆದರೂ ಬಿಹಾರದ ಚಂಪಾರಣದಲ್ಲಿ ಇಪ್ಪತ್ತರಲ್ಲಿ ಮೂರು ಪಾಲು ನೆಲ ನೀಲಿಗೆ ಎಂಬ ಕಟ್ಟಳೆ ಉಳಿದಿತ್ತು. ಅದನ್ನು ಬಿಡಿಸಲು 1917ರಲ್ಲಿ ಗಾಂಧೀಜಿಯೇ ಹೋಗಬೇಕಾಯಿತು. ಅಲ್ಲಿಯೂ ನೀಲಿ ಇನ್ನೊಬ್ಬರಿಗಾಗಿಯೇ ದುಡಿದದ್ದು.

ನಾನು ಕೌದಿಯನ್ನು ಚೀಲದಲ್ಲಿ ಹಾಕಿಕೊಂಡು ನಾಲ್ಕನೇ ಬ್ಲಾಕಿನ ಬಣ್ಣದಂಗಡಿಗೆ ಹೋದೆ. "ಇದೇ ಬಣ್ಣ ಬೇಕು" ಎಂದೆ. ಅಂಗಡಿಯ ಹುಡುಗ ಒಂದು ಚಿಕ್ಕ ಯಂತ್ರವನ್ನು ಬಟ್ಟೆಯ ಮೇಲಿಟ್ಟ. ಕಂಪ್ಯೂಟರು ಏನೋ ಲೆಕ್ಕ ಹಾಕಿತು. ಡಬ್ಬದೊಳಕ್ಕೆ ಸಣ್ಣ ಧಾರೆಗಳು ಚಿಮ್ಮಿದವು, ಡಬ್ಬ ಗಡಗಡ ಅಲುಗಿತು, ಐದು ನಿಮಿಷದಲ್ಲಿ ಅತ್ತೆಯ ಸೀರೆ ನಾಲ್ಕು ಲೀಟರು ಸಿದ್ಧ. ಈಗಿನ ಇಂಥ ಡಬ್ಬಗಳಲ್ಲಿ ಹೆಚ್ಚಾಗಿ ಬಳಸುವ ಥ್ಯಾಲೋ ನೀಲಿಗೂ ಒಂದು ಕತೆಯಿದೆ. 1928ರಲ್ಲಿ ಸ್ಕಾಟ್ಲೆಂಡಿನ ಒಂದು ಕಾರ್ಖಾನೆಯಲ್ಲಿ ಬಿಳಿಯ ಪುಡಿ ತಯಾರಿಸುತ್ತಿದ್ದರು. ಪಾತ್ರೆಯ ಒಳಲೇಪ ಬಿರುಕುಬಿಟ್ಟು ಕಬ್ಬಿಣ ತಾಗಿದ್ದರಿಂದ ಬಿಳಿಯಲ್ಲಿ ನೀಲಿ ಕಲೆ ಕಾಣಿಸಿತು. ಕೊಳೆಯೆಂದು ಎಸೆಯದೆ ಪರೀಕ್ಷೆ ಮಾಡಿದರು. ಅದರ ಬೆನ್ನು ಹತ್ತಿ ತಾಮ್ರ ಸೇರಿಸಿ ಮಾಡಿದ ನೀಲಿ 1935ರಲ್ಲಿ ಮಾರಾಟಕ್ಕೆ ಬಂತು. ಮೊದಲ ಬಾರಿಗೆ ಬಿಳಿಯೇ ನೀಲಿಗೆ ದಾರಿ ಬಿಟ್ಟುಕೊಟ್ಟಿತ್ತು.

ಕಡುಬಣ್ಣ ಹೊಡೆಸುವವರಿಗೆ ಅನುಭವದ ಎರಡು ಮಾತು. ಗಾಢ ಬಣ್ಣದ ಡಬ್ಬದಲ್ಲಿ ಮುಚ್ಚುವ ಬಿಳಿ ಪುಡಿ ಕಡಿಮೆ. ಎರಡು ಕೈಗೆ ಗೋಡೆ ಮುಚ್ಚುವುದಿಲ್ಲ, ಮೂರು ಬೇಕು. ಕೆಳಗಿನ ಪ್ರೈಮರಿಗೇ ಸ್ವಲ್ಪ ಬೂದುಬಣ್ಣ ಸೇರಿಸಿದರೆ ಒಳ್ಳೆಯದು. ಗೋಡೆಯ ಉಬ್ಬುತಗ್ಗು ಬಿಳಿಯಲ್ಲಿ ಅಡಗುತ್ತದೆ, ನೀಲಿಯಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಮರಳುಕಾಗದದಿಂದ ಉಜ್ಜುವುದರಲ್ಲಿ ಜಿಪುಣತನ ಬೇಡ. ಮೊದಲ ಕೈ ಹೊಡೆದ ದಿನ ಗೋಡೆ ಮಚ್ಚೆ ಮಚ್ಚೆಯಾಗಿ ಎಷ್ಟು ವಿಕಾರವಾಗಿತ್ತೆಂದರೆ ನನಗೇ ಅಳು ಬಂತು. ಮನೆಯವರು ಒಳ್ಳೆಯವರು, ಬಂದು ನೋಡಿ ಏನೂ ಅನ್ನದೆ ಕಾಫಿ ಮಾಡಿಕೊಟ್ಟರು.

ಮೂರನೆಯ ಕೈಗೆ ನಾನೂ ರೋಲರು ಹಿಡಿದೆ. ಸಂಜೆ ಕೈ ತೊಳೆದರೂ ಎಡಗೈ ಬೆರಳಿನ ಉಗುರಿನಂಚಿನಲ್ಲಿ ಒಂದು ಗೆರೆ ಉಳಿಯಿತು. ಅತ್ತೆ ನೋಡಿ, "ಓಟು ಹಾಕಿ ಬಂದಿ ಏನು?" ಎಂದರು. ನನ್ನ ತವರು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಈಗಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಮತದ ಶಾಯಿ ಹೋಗುವುದು ಅಲ್ಲಿಂದಲೇ. ಅದರಲ್ಲಿರುವ ಬೆಳ್ಳಿಯ ಲವಣ ಚರ್ಮಕ್ಕೆ ಅಂಟಿ, ಬೆಳಕಿಗೆ ಕಪ್ಪಾಗಿ, ವಾರಗಟ್ಟಲೆ ನಿಲ್ಲುತ್ತದೆ. ನಮ್ಮಮ್ಮ ಓಟು ಹಾಕಿ ಬಂದ ದಿನ ಆ ಬೆರಳನ್ನು ಅಕ್ಕಿ ತೊಳೆಯುವಾಗಲೂ ಸ್ವಲ್ಪ ಮೇಲೆತ್ತಿ ಹಿಡಿಯುತ್ತಿದ್ದಳು, ಅಳಿಸಿಹೋಗುತ್ತದೇನೋ ಎಂಬಂತೆ. ತನ್ನ ಮಾತೂ ಲೆಕ್ಕಕ್ಕುಂಟು ಎಂಬುದಕ್ಕೆ ಅವಳ ಮೈಮೇಲಿದ್ದ ಸಾಕ್ಷಿ ಅದೊಂದೇ.

ನಾಲ್ಕು ದಿನ ಕಿಟಕಿ ತೆರೆದಿಟ್ಟ ಮೇಲೆ ವಾಸನೆ ಹೋಯಿತು. ಒಂದು ಮಂಚ, ಒಂದು ಮೇಜು, ಹಳದಿ ಬೆಳಕಿನ ದೀಪ ಇಟ್ಟೆ. ಕೋಣೆ ಚಿಕ್ಕದಾಗಲಿಲ್ಲ, ಗೋಡೆಗಳು ಎಲ್ಲಿ ಮುಗಿಯುತ್ತವೆ ಎಂಬುದೇ ತಿಳಿಯದ ಹಾಗಾಯಿತು. ಬಾಗಿಲ ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ಬಣ್ಣ ಹೊಡೆಯಬೇಡ ಎಂದು ಮೇಸ್ತ್ರಿಗೆ ಹೇಳಿದ್ದೆ. ಅಲ್ಲಿ ಹಳೆಯ ಸುಣ್ಣ ಹಾಗೇ ಇದೆ.

ಮಧ್ಯಾಹ್ನ ಅತ್ತೆ ಬಂದರು. ನಾಲ್ಕೂ ಗೋಡೆ ನೋಡಿದರು. ಮೂಲೆಯನ್ನೂ ನೋಡಿದರು. "ಚಿಟಿಕಿ ಬಿಟ್ಟು ಡಬ್ಬಿನ ಸುರುವೀಯಲ್ಲ ಮಾರಾಯ್ತಿ" ಎಂದರು. ಅದು ಬೈಗುಳವೋ ಮೆಚ್ಚುಗೆಯೋ ಎಂದು ನಾನು ತೂಗುವಷ್ಟರಲ್ಲಿ ಮಂಚದ ಮೇಲೆ ಕಾಲು ಚಾಚಿ, ಕೌದಿ ಎಳೆದುಕೊಂಡರು. ಲಾಲಿ ಹಾಡಲು ನಮ್ಮವರು ಆರಿಸಿಕೊಂಡ ರಾಗದ ಹೆಸರು ನೀಲಾಂಬರಿ. ಎರಡೇ ನಿಮಿಷಕ್ಕೆ ಅವರ ಗೊರಕೆ ಕೇಳಿಸಿತು.

ನನ್ನದೇ ಆದ ಕೋಣೆ ಹೀಗೆ ಮೊದಲ ದಿನವೇ ಪಾಲಾಯಿತು. ನಾನು ಬಾಗಿಲು ಮುಂದೆ ಮಾಡಿ, ದೀಪ ಹಚ್ಚಿಕೊಂಡು, ಮೇಜಿನ ಮುಂದೆ ಕೂತೆ.